ಹೊಳವಾದ ದಿನದ ಸೋಫಾ

ನಮ್ಮ ಮಲೆನಾಡಿನಲ್ಲಿ ಕೊಟ್ಟಿಗೆಹಾರದ ಮಳೆಗೂ ಬಣಕಲ್ಲಿನ ಮಳೆಗೂ ನಡುವೆ ಬೇಲಿಯಿಲ್ಲ. ಜೂನ್‌ನಲ್ಲಿ ಹಿಡಿದದ್ದು ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಅಷ್ಟರಲ್ಲಿ ಸೋಫಾದ ಬೆನ್ನಿಗೆ ಬಿಳಿ ಬೂಷ್ಟು, ಮೆತ್ತೆಗೆ ಹಳೇ ಗೋಣಿಚೀಲದ ಮುಗ್ಗಲು ವಾಸನೆ.

ಮಳೆ ಬಿಟ್ಟು ಹೊಳವಾದ ಮೊದಲ ದಿನ ನಮ್ಮ ಚಿಕ್ಕಮ್ಮನ ಕೈಚಳಕ ನೋಡಬೇಕು. ಒದ್ದೆ ಬಟ್ಟೆ ಮುಟ್ಟುವುದೇ ಇಲ್ಲ. ಒರೆಸಿದರೆ ಬೂಷ್ಟು ನೇಯ್ಗೆಯೊಳಗೆ ಇಳಿಯುತ್ತದೆ. ಮೆತ್ತೆಗಳನ್ನು ಅಂಗಳಕ್ಕೆ ಹೊತ್ತು, ಮೂಗಿಗೆ ಸೆರಗು ಕಟ್ಟಿ, ಒಣ ಬ್ರಷ್ಷನ್ನು ನವಿರು ಮಲಗಿದ ದಿಕ್ಕಿಗೇ ಎಳೆಯುತ್ತಾರೆ. ಆಮೇಲೆ ಬೆತ್ತದ ಏಟು. ದೂಳಿದ್ದರೆ ‘ದಪ್’, ಹೋದ ಮೇಲೆ ‘ಟಪ್’. ಆ ದನಿ ಬದಲಾಗುವ ತನಕ ಕೈ ನಿಲ್ಲದು.

ಕಲೆಗೆ ಅಂಟುವಾಳ. ರಾತ್ರಿ ನೆನೆಸಿದ ಸಿಪ್ಪೆಯನ್ನು ಕಿವುಚಿ, ನೀರನ್ನು ಕಡೆದು, ಮೇಲೆದ್ದ ನೊರೆಯನ್ನಷ್ಟೇ ಬೆರಳಲ್ಲಿ ತೆಗೆಯುತ್ತಾರೆ. ನೀರು ಸುರಿದರೆ ಒಳಗಿನ ಫೋಮ್ ಹೀರಿಕೊಂಡು ದಿನಗಟ್ಟಲೆ ಒಣಗದು. ನೊರೆಯಾದರೆ ಬಟ್ಟೆಯ ಮೇಲೇ ನಿಂತು ಕೊಳೆ ಎತ್ತುತ್ತದೆ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಹಿಂಬದಿಯ ಮೂಲೆಯಲ್ಲಿ ನೋಡಿ, ಆಮೇಲೆ ಕಲೆಯ ಅಂಚಿನಿಂದ ನಡುವಿಗೆ ಒತ್ತುತ್ತಾರೆ. ಉಜ್ಜುವುದಿಲ್ಲ.

ಒಣಗಿಸಲು ಕಾಫಿ ಕಣವಿದೆ. ಕೊಯ್ಲು ಶುರುವಾಗುವ ತನಕ ಅದು ಖಾಲಿ. ಹಣ್ಣು ತಿರುವಿದಂತೆ ಗಂಟೆಗೊಮ್ಮೆ ಮೆತ್ತೆ ಮಗುಚುತ್ತಾರೆ. ಸಂಜೆ ಮಂಜು ಇಳಿಯುವ ಮುನ್ನ ಕೊನೆಯ ಪರೀಕ್ಷೆ: ಮೆತ್ತೆಗೆ ಕೆನ್ನೆಯಿಟ್ಟು ನೋಡುವುದು. ಕೈಗೆ ತಿಳಿಯದ ತೇವ ಕೆನ್ನೆಗೆ ತಿಳಿಯುತ್ತದೆ.

ಸೋಫಾ ತೊಳೆಯುವ ಯಂತ್ರ ಕೊಳ್ಳುವ ಮುನ್ನ ಒಂದು ಹೊಳವಿಗೆ ಕಾಯಿರಿ. ಬಿಸಿಲು, ಬೆತ್ತ, ಹಿಡಿ ಅಂಟುವಾಳ ಸಾಕು.