ಯಂತ್ರ ಬಂತು, ಮಂಡಲ ಬರಲಿಲ್ಲ
2023ರಲ್ಲಿ ಹೊರಬಂದ 'ದಿ ಎನ್‌ಐಡಿ ಟೇಪ್ಸ್' ಧ್ವನಿಮುದ್ರಿಕೆಯನ್ನು ನೀವು ಕೇಳಬೇಕು. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಅಳವಡಿಸಿದರು. ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಪ್ರಯೋಗ ನಡೆಸಿದರು. ಈ ವಾದ್ಯದಲ್ಲಿ ನಿಯಂತ್ರಕ ವೋಲ್ಟೇಜ್ ಒಂದು ವೋಲ್ಟ್ ಏರಿದರೆ ಆವೃತ್ತಿ ಇಮ್ಮಡಿಯಾಗುತ್ತದೆ. ಅಂದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ.

ಆ ಧ್ವನಿಗಳು ಇಂದಿಗೂ ಹೊಸವೆನಿಸುತ್ತವೆ. ಆದರೆ ಯಂತ್ರ ಸಿದ್ಧವಾಗಿಯೇ ಬಂದಿತ್ತು. ಪ್ರಯೋಗ ಕೆಲವೇ ವರ್ಷಗಳಲ್ಲಿ ನಿಂತಿತು. 1970ರ ದಶಕದ ಕೊನೆಗೆ ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ರೂಪಿಸಿದರು. ಅದು ಕಛೇರಿಯ ಅಗತ್ಯದಿಂದ ಹುಟ್ಟಿತು, ಉಳಿಯಿತು.

ದೇಶಾಂತರದ ಸಹಯೋಗದಲ್ಲಿ ನುಡಿಸುವುದನ್ನು ಕಲಿತರೆ ಸಾಲದು, ವಿದ್ಯುನ್ಮಂಡಲ ಕಟ್ಟುವುದನ್ನೂ ಕಲಿಯಬೇಕು. ಶಿಕ್ಷಕರೇ, ನಿಮ್ಮ ವಿದ್ಯಾರ್ಥಿಗಳಿಂದ ಒಂದು ಆಂದೋಲಕ ಕಟ್ಟಿಸಿ ನೋಡಿ.