ನಿಷೇಧದಿಂದ ಪ್ರಚಾರ ಎಂಬ ಸಮಾಧಾನ

ಪುಸ್ತಕವೊಂದಕ್ಕೆ ನಿಷೇಧ ಬಿದ್ದ ಮರುದಿನ ನಮ್ಮ ಸಾಹಿತ್ಯವಲಯದಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ. ನಿಷೇಧಿಸಿದವರೇ ಪುಸ್ತಕಕ್ಕೆ ಪುಕ್ಕಟೆ ಪ್ರಚಾರ ಕೊಟ್ಟರು, ಇನ್ನು ಎಲ್ಲರೂ ಹುಡುಕಿಕೊಂಡು ಹೋಗಿ ಓದುತ್ತಾರೆ ಎಂಬುದು ಆ ಮಾತು. ಪಿಡಿಎಫ್ ಬಂದ ಕಾಲದಲ್ಲಿ ನಿಷೇಧಕ್ಕೆ ಅರ್ಥವೇ ಇಲ್ಲ ಎಂಬ ಬಾಲವೂ ಈಚೆಗೆ ಅದಕ್ಕೆ ಸೇರಿಕೊಂಡಿದೆ. ಹೀಗೆ ಹೇಳುವವರು ಬಹುಪಾಲು ನಿಷೇಧದ ವಿರೋಧಿಗಳೇ. ಆದರೂ ನಿಷೇಧಿಸುವವರಿಗೆ ಇದಕ್ಕಿಂತ ಅನುಕೂಲವಾದ ಮಾತು ಇನ್ನೊಂದಿಲ್ಲ. ತಾನಾಗಿಯೇ ಸೋಲುವುದರ ವಿರುದ್ಧ ಯಾರು ತಾನೆ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ?

ಈ ಮಾತಿಗೆ ಸಾಕ್ಷಿಯಾಗಿ ಎಲ್ಲರೂ ಮುಂದಿಡುವುದು ಸಲ್ಮಾನ್ ರಶ್ದಿಯವರ 'ದ ಸಟಾನಿಕ್ ವರ್ಸಸ್' ಕಾದಂಬರಿಯನ್ನು. ಅಷ್ಟು ಪ್ರಚಾರ ಸಿಕ್ಕ ಕಾದಂಬರಿ ಅಪರೂಪವೇ, ಒಪ್ಪೋಣ. ಭಾರತದಲ್ಲಿ ಅದಕ್ಕೆ ಆದದ್ದೇನು ಎಂಬುದನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು. 1988ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಕಸ್ಟಮ್ಸ್ ಕಾಯ್ದೆಯಡಿ ಆ ಪುಸ್ತಕದ ಆಮದನ್ನು ನಿಲ್ಲಿಸಿತು. 2012ರಲ್ಲಿ ಜೈಪುರದ ಸಾಹಿತ್ಯೋತ್ಸವದಲ್ಲಿ ಹರಿ ಕುಂಜ್ರು, ಅಮಿತಾವ ಕುಮಾರ್ ಮೊದಲಾದ ನಾಲ್ವರು ಲೇಖಕರು ಅದರ ಕೆಲವು ಭಾಗಗಳನ್ನು ಓದಿ, ಕೇಸಿನ ಭಯದಿಂದ ಊರು ಬಿಡಬೇಕಾಯಿತು. 2019ರಲ್ಲಿ ಒಬ್ಬ ಓದುಗರು, ಗಮನಿಸಿ, ಲೇಖಕರೂ ಅಲ್ಲ, ಪ್ರಕಾಶಕರೂ ಅಲ್ಲ, ದೆಹಲಿ ಹೈಕೋರ್ಟಿಗೆ ಹೋಗಿ ಆ ನಿಷೇಧದ ಆದೇಶವನ್ನು ಪ್ರಶ್ನಿಸಿದರು. ವರ್ಷಗಟ್ಟಲೆ ಹುಡುಕಿದರೂ ಯಾವ ಇಲಾಖೆಯಿಂದಲೂ ಆದೇಶದ ಪ್ರತಿ ಹೊರಬರಲಿಲ್ಲ. 2024ರ ನವೆಂಬರಿನಲ್ಲಿ ಕೋರ್ಟು, ಅಂಥ ಆದೇಶವೇ ಇಲ್ಲವೆಂದು ಭಾವಿಸದೆ ಬೇರೆ ದಾರಿಯಿಲ್ಲ ಎಂದಿತು.

ಯಾರ ಕೈಗೂ ಸಿಗದ ಒಂದು ಕಾಗದ 36 ವರ್ಷ ಒಂದು ಪುಸ್ತಕವನ್ನು ದೇಶದ ಅಂಗಡಿಗಳಿಂದಲೂ ಕಪಾಟುಗಳಿಂದಲೂ ದೂರವಿಟ್ಟಿತು. ನಿಷೇಧ ಕೆಲಸ ಮಾಡುವುದಿಲ್ಲ ಎನ್ನುವವರು ಇದಕ್ಕೆ ಏನು ಹೇಳುತ್ತಾರೋ ತಿಳಿಯದು. ಪ್ರಚಾರ ಸಿಕ್ಕದ್ದು ಆ ಪುಸ್ತಕದ ಹೆಸರಿಗೆ. ಓದದೆ ಬೈದವರು, ಓದದೆ ಸಮರ್ಥಿಸಿದವರು, ಇಬ್ಬರೂ ಹೆಚ್ಚಿದರು. ತೀರ್ಪು ಬಂದ ಮರುತಿಂಗಳು ದೆಹಲಿಯ ಒಂದು ಪುಸ್ತಕದಂಗಡಿಗೆ ಕಾದಂಬರಿ ಬಂತು, ಬೆಲೆ 1,999 ರೂಪಾಯಿ. ಅಷ್ಟು ಕೊಡಬಲ್ಲವರಿಗೆ ನಿಷೇಧ ಮುಗಿಯಿತು.

'ಹುಡುಕಿಕೊಂಡು ಓದುತ್ತಾರೆ' ಎನ್ನುವಾಗ ನಾವು ಯಾರನ್ನು ನೆನೆದು ಹೇಳುತ್ತೇವೆ? ಕಾರ್ಡು ಇರುವವರನ್ನು, ವಿದೇಶದಿಂದ ಬರುವ ನೆಂಟರಿರುವವರನ್ನು, ಯಾವ ವೆಬ್‌ಸೈಟಿನಲ್ಲಿ ಏನು ಸಿಗುತ್ತದೆಂದು ಬಲ್ಲವರನ್ನು. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಅಂದರೆ ಅರಿವು ಕೇಂದ್ರದಲ್ಲಿ, ಪತ್ರಿಕೆ ಮಡಚಿಟ್ಟು ಕಪಾಟಿನತ್ತ ಕಣ್ಣು ಹಾಯಿಸುವ ಹುಡುಗಿ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅವಳು ಪುಸ್ತಕವನ್ನು ಹುಡುಕಿಕೊಂಡು ಬಂದವಳಲ್ಲ. ಕಪಾಟಿನಲ್ಲಿದ್ದದ್ದು ಅವಳ ಕೈಗೆ ಸಿಗಬೇಕು. ಎಸ್.ಆರ್. ರಂಗನಾಥನ್ 1931ರಲ್ಲಿ ಮಂಡಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದರ ಪಕ್ಕದಲ್ಲೇ ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದೂ ಇದೆ. ನಿಷೇಧ ಕಡಿಯುವುದು ಈ ಎರಡನೆಯದನ್ನು, ಹುಡುಕದವನಿಗೆ ತಾನಾಗಿ ಎದುರಾಗುವ ಪುಸ್ತಕವನ್ನು.

ಕನ್ನಡದ ಪುಸ್ತಕಗಳಿಗಂತೂ ರಶ್ದಿಯವರ ಭಾಗ್ಯ ಇಲ್ಲವೇ ಇಲ್ಲ. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಹನ್ನೆರಡನೆಯ ಶತಮಾನದ ಶರಣರ ಕಾಲದ ಕಾದಂಬರಿ. 1990ರ ದಶಕದಲ್ಲಿ ಪ್ರಶಸ್ತಿಯೂ ಬಂತು, ಗಲಾಟೆಯೂ ಆಯಿತು, ರಾಜ್ಯ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಸುಪ್ರೀಂ ಕೋರ್ಟಿನವರೆಗೂ ಹೋದರು. 2007ರಲ್ಲಿ ಕೋರ್ಟು ಸರ್ಕಾರದ ಪರವಾಗಿಯೇ ತೀರ್ಪಿತ್ತಿತು. ಆ ಕಾದಂಬರಿಗೆ ಲಂಡನ್ನಿನ ಆವೃತ್ತಿಯಿಲ್ಲ. ಇಂದು ಮೂವತ್ತರ ಒಳಗಿನ ಕನ್ನಡ ಎಂ.ಎ. ವಿದ್ಯಾರ್ಥಿಗಳನ್ನು ಕೇಳಿ ನೋಡಿ, ಅದರ ಹೆಸರು ಕೇಳಿದವರೇ ಕಡಿಮೆ. ಇದನ್ನು ಪ್ರಚಾರ ಎನ್ನುವುದಾದರೆ ಅಜ್ಞಾತವಾಸಕ್ಕೆ ಬೇರೆ ಹೆಸರು ಹುಡುಕಬೇಕು.

ಮುಟ್ಟುಗೋಲು ಎಂದರೇನು ಎಂಬುದನ್ನೂ ಒಮ್ಮೆ ನೋಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಸೆಕ್ಷನ್, ಈಗ ನಾಗರಿಕ ಸುರಕ್ಷಾ ಸಂಹಿತೆಯ 98ನೆಯದು, ಪುಸ್ತಕದ ಪ್ರತಿಯೊಂದು ಪ್ರತಿಯನ್ನೂ ಸರ್ಕಾರದ ಸ್ವತ್ತಾಗಿಸುತ್ತದೆ. ಭಾರತದಲ್ಲಿ ಎಲ್ಲೇ ಕಂಡರೂ ಪೊಲೀಸರು ಎತ್ತಿಕೊಂಡು ಹೋಗಬಹುದು. ಪುಸ್ತಕ ಕೆಟ್ಟದ್ದೆಂದು ಮೊದಲು ಯಾವ ಕೋರ್ಟೂ ಹೇಳಬೇಕಾಗಿಲ್ಲ, ಸರ್ಕಾರಕ್ಕೆ ಹಾಗೆ ತೋರಿದರೆ ಸಾಕು. 2025ರ ಆಗಸ್ಟಿನಲ್ಲಿ ಜಮ್ಮು-ಕಾಶ್ಮೀರದಲ್ಲಿ ಎ.ಜಿ. ನೂರಾನಿ, ಅರುಂಧತಿ ರಾಯ್, ಸುಮಂತ್ರ ಬೋಸ್ ಅವರ ಕೃತಿಗಳೂ ಸೇರಿ 25 ಪುಸ್ತಕಗಳನ್ನು ಒಂದೇ ಆದೇಶದಲ್ಲಿ ಮುಟ್ಟುಗೋಲು ಹಾಕಿದ್ದು ಈ ಸೆಕ್ಷನ್ನಿನ ಬಲದಿಂದಲೇ. ಪೊಲೀಸರು ಶ್ರೀನಗರದ ಪುಸ್ತಕದಂಗಡಿಗಳನ್ನು ತಡಕಾಡಿದರು. ಆಗಲೂ ಬೆಂಗಳೂರಿನಲ್ಲಿ ಕೂತು 'ಎಲ್ಲ ನೆಟ್ಟಿನಲ್ಲಿ ಸಿಗುತ್ತದೆ' ಎಂದವರಿಗೆ ಬರವಿರಲಿಲ್ಲ. ಇಂಟರ್‌ನೆಟ್ಟನ್ನೇ ತಿಂಗಳುಗಟ್ಟಲೆ ನಿಲ್ಲಿಸಿದ್ದ ಊರಿನ ವಿಷಯ ಅದು ಎಂಬುದು ಅವರಿಗೆ ಹೊಳೆದಂತಿಲ್ಲ.

ಒಳ್ಳೆಯ ಪುಸ್ತಕಗಳ ಪರ ವಾದಿಸುವುದು ಸುಲಭ. ನನಗೆ ಒಪ್ಪಿಗೆಯಿಲ್ಲದ ಒಂದನ್ನೇ ತೆಗೆದುಕೊಳ್ಳುತ್ತೇನೆ. ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ ಬಸವಣ್ಣನ 'ಕೂಡಲಸಂಗಮದೇವ' ಎಂಬ ಅಂಕಿತವನ್ನು ತೆಗೆದು 'ಲಿಂಗದೇವ' ಎಂದು ಹಾಕಿದರು. ಗ್ರಂಥಸಂಪಾದನೆಯ ದೃಷ್ಟಿಯಿಂದ ಇದು ಸಲ್ಲದ ಕೆಲಸ, ಅದರಲ್ಲಿ ನನಗೆ ಅನುಮಾನವಿಲ್ಲ. 1998ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಇದೇ ಸರ್ಕಾರ 1993ರಲ್ಲಿ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯವನ್ನು ಕಡಿಮೆ ಬೆಲೆಗೆ ಜನರ ಕೈಗಿಟ್ಟಿತ್ತು. ಆ ಸಂಪುಟಗಳ ಪಕ್ಕದಲ್ಲೇ 'ದೀಪ್ತಿ'ಯೂ ನಿಂತಿದ್ದರೆ ಆಗುತ್ತಿದ್ದದ್ದೇನು? ಓದುವವನು ಎರಡನ್ನೂ ತೆರೆದಿಟ್ಟು ಹೋಲಿಸುತ್ತಿದ್ದ. ಅಂಕಿತ ಬದಲಾದರೆ ವಚನದ ಲಯಕ್ಕೆ ಏನಾಗುತ್ತದೆ ಎಂಬುದು ಕಿವಿಗೇ ತಿಳಿಯುತ್ತಿತ್ತು. ತಪ್ಪು ಪಾಠ ಸಿಕ್ಕಿಬೀಳುವುದು ಸರಿಯಾದ ಪಾಠದ ಪಕ್ಕದಲ್ಲಿದ್ದಾಗ. ಕಪಾಟಿನಿಂದ ತೆಗೆದ ತಪ್ಪು ಮಠದಲ್ಲಿ, ಮನೆಯಲ್ಲಿ, ಭಕ್ತರ ಬಾಯಲ್ಲಿ ಯಾರ ಹಂಗೂ ಇಲ್ಲದೆ ಬದುಕುತ್ತದೆ.

ಗ್ರಂಥಾಲಯವೇ ಏಟು ತಿಂದ ಪ್ರಕರಣವೂ ಇದೆ. ಜೇಮ್ಸ್ ಲೇನ್ ಶಿವಾಜಿಯ ಬಗ್ಗೆ ಬರೆದ ಪುಸ್ತಕವನ್ನು ಪ್ರಕಾಶಕರು 2003ರ ನವೆಂಬರಿನಲ್ಲೇ ಹಿಂತೆಗೆದುಕೊಂಡಿದ್ದರು. ಆದರೂ 2004ರ ಜನವರಿಯಲ್ಲಿ ಗುಂಪೊಂದು ಪುಣೆಯ ಭಂಡಾರಕರ್ ಸಂಶೋಧನ ಮಂದಿರಕ್ಕೆ ನುಗ್ಗಿ ಪುಸ್ತಕ, ಹಸ್ತಪ್ರತಿಗಳನ್ನು ಹಾಳುಗೆಡವಿತು. ಆ ಸಂಸ್ಥೆಯ ಅಪರಾಧ, ಲೇನ್ ತಮ್ಮ ಪುಸ್ತಕದಲ್ಲಿ ಅಲ್ಲಿಯ ವಿದ್ವಾಂಸರಿಗೆ ಕೃತಜ್ಞತೆ ಹೇಳಿದ್ದರು ಎಂಬುದಷ್ಟೆ. ಓದಲು ಬಂದವನಿಗೆ ಪುಸ್ತಕ ತೆಗೆದುಕೊಟ್ಟದ್ದು! ಮಹಾರಾಷ್ಟ್ರ ಸರ್ಕಾರ ನುಗ್ಗಿದವರ ಬೇಡಿಕೆಯಂತೆ ಪುಸ್ತಕವನ್ನೇ ನಿಷೇಧಿಸಿತು. ಬಾಂಬೆ ಹೈಕೋರ್ಟು 2007ರಲ್ಲಿ ನಿಷೇಧವನ್ನು ರದ್ದುಮಾಡಿತು, 2010ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. ಗೆಲ್ಲಲು ಆರು ವರ್ಷ. ಗೆದ್ದ ಮೇಲೂ, ಪುಸ್ತಕವನ್ನು ಮತ್ತೆ ಅಚ್ಚು ಹಾಕಿ ಎಂದು ಪ್ರಕಾಶಕರನ್ನು ಯಾವ ಕೋರ್ಟೂ ಒತ್ತಾಯಿಸಲಾಗದು.

ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರನ್ನು ಎದುರು ಉದಾಹರಣೆಯಾಗಿ ತರುವವರಿದ್ದಾರೆ. ಕಾದಂಬರಿಯೊಂದರ ಮೇಲಿನ ಗಲಾಟೆಯ ನಂತರ 2015ರಲ್ಲಿ ತಮ್ಮೆಲ್ಲ ಪುಸ್ತಕಗಳ ಮಾರಾಟ ನಿಲ್ಲಿಸುವಂತೆ ಕೇಳಿಕೊಂಡ ಲೇಖಕ, 2016ರ ಮದ್ರಾಸ್ ಹೈಕೋರ್ಟ್ ತೀರ್ಪಿನ ನಂತರ ಮತ್ತೆ ಬರೆದರು, ಲೋಕಖ್ಯಾತರೂ ಆದರು. ನಿಜ. ಇಂಗ್ಲಿಷ್ ಅನುವಾದ ಮೊದಲೇ ಇತ್ತು, ಗಟ್ಟಿ ಪ್ರಕಾಶಕರು ಜೊತೆಗಿದ್ದರು, ತೀರ್ಪು ಅವರ ಪರ ಬಂತು. ಬದುಕಿ ಬಂದ ಪುಸ್ತಕವನ್ನು ಮಾತ್ರ ಎಣಿಸಿದರೆ ನಿಷೇಧ ಸೋತಂತೆಯೇ ಕಾಣುತ್ತದೆ. ಸತ್ತವು ಎಣಿಕೆಗೆ ಸಿಗುವುದಿಲ್ಲವಲ್ಲ.

ಸದ್ದಿಲ್ಲದೆ ಸಾಯುವ ಪುಸ್ತಕಗಳು ಇನ್ನೂ ಹೆಚ್ಚು. ಕನ್ನಡದಲ್ಲಿ ಸಾವಿರ ಪ್ರತಿ ಅಚ್ಚಾಗುವ ಪುಸ್ತಕಕ್ಕೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯೇ ಉಸಿರು. ಅಲ್ಲಿ ಆಯ್ಕೆಯಾಗದ ಪುಸ್ತಕಕ್ಕೆ ನಿಷೇಧದ ಗೌರವವೂ ಇಲ್ಲ, ಪಟ್ಟಿಯಲ್ಲಿ ಹೆಸರಿರುವುದಿಲ್ಲ, ಅಷ್ಟೆ. ಎಲ್ಲ ಪುಸ್ತಕ ಕೊಳ್ಳಲು ದುಡ್ಡೆಲ್ಲಿದೆ, ಆಯ್ಕೆ ಬೇರೆ, ನಿಷೇಧ ಬೇರೆ ಎಂಬುದು ಇದಕ್ಕೆ ಸಿಗುವ ಉತ್ತರ. ಅಮೆರಿಕದ ಗ್ರಂಥಾಲಯ ವಿದ್ವಾಂಸ ಲೆಸ್ಟರ್ ಆಶೈಮ್ 1953ರಲ್ಲೇ ಈ ಗೆರೆ ಎಳೆದಿದ್ದರು: ಆಯ್ಕೆ ಮಾಡುವವನು ಪುಸ್ತಕವನ್ನು ಉಳಿಸಿಕೊಳ್ಳಲು ಕಾರಣ ಹುಡುಕುತ್ತಾನೆ, ನಿಷೇಧಿಸುವವನು ಹೊರಹಾಕಲು. ಚೆಂದದ ಗೆರೆ. ಆದರೆ ಅದು ಊರೂರಿನ ಗ್ರಂಥಾಲಯ ತನಗೆ ಬೇಕಾದ್ದನ್ನು ತಾನೇ ಕೊಳ್ಳುವ ದೇಶದ ಗೆರೆ. ಒಂದೂರು ಬೇಡವೆಂದದ್ದು ಪಕ್ಕದೂರಿನಲ್ಲಿ ಸಿಕ್ಕೀತು. ಇಲ್ಲಿ ಸಗಟು ಖರೀದಿಯ ಒಂದೇ ಪಟ್ಟಿ ಇಡೀ ರಾಜ್ಯಕ್ಕೆ. ವಿವಾದವಾದೀತೆಂದು ಆಯ್ಕೆ ಸಮಿತಿಯ ಒಬ್ಬ ಸದಸ್ಯರು ತಲೆಯಾಡಿಸಿದರೆ ಬೀದರಿನಿಂದ ಚಾಮರಾಜನಗರದವರೆಗೆ ಆ ಪುಸ್ತಕ ಇಲ್ಲ. ಇನ್ನು ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರು. ಊರಿನ ಪ್ರಭಾವಿಯೊಬ್ಬರು ಬಂದು 'ಇದನ್ನು ಒಳಗಿಡಿ' ಎಂದರೆ ಅವರು ಯಾವ ಧೈರ್ಯದ ಮೇಲೆ ಇಲ್ಲವೆನ್ನಬೇಕು?

ತೆರಿಗೆ ದುಡ್ಡಿನಲ್ಲಿ ನಂಬಿಕೆಗೆ ನೋವಾಗುವ ಪುಸ್ತಕ ಏಕೆ ಎಂಬ ಪ್ರಶ್ನೆ ಬೇರೆ. ಆಸ್ತಿ ತೆರಿಗೆಯ ಮೇಲೆ ನಾವೆಲ್ಲ ಕಟ್ಟುವ ಶೇ. 6ರ ಗ್ರಂಥಾಲಯ ಕರ ನೊಂದವರದ್ದು ಮಾತ್ರವಲ್ಲ, ಓದಬಯಸುವವರದ್ದೂ ಹೌದು.

ಹಾಗಾದರೆ ಮಾಡುವುದೇನು? ಮೊದಲನೆಯದಾಗಿ, ಬಾಯಿಮಾತಿನ ಮೇಲೆ ಯಾವ ಪುಸ್ತಕವನ್ನೂ ಕಪಾಟಿನಿಂದ ತೆಗೆಯಬಾರದೆಂಬ ಸುತ್ತೋಲೆ ಗ್ರಂಥಾಲಯಗಳನ್ನು ನಡೆಸುವ ಇಲಾಖೆಯಿಂದಲೇ ಬರಬೇಕು, ಮೇಲ್ವಿಚಾರಕರು ತೋರಿಸಲು ಅವರ ಕೈಯಲ್ಲೊಂದು ಕಾಗದವಿರಬೇಕು. ಎರಡನೆಯದಾಗಿ, ತೆಗೆಯಲೇಬೇಕಾದಾಗ ಯಾರ ಆದೇಶ, ಯಾವ ತಾರೀಕು ಎಂಬುದು ಅಕ್ಸೆಷನ್ ರಿಜಿಸ್ಟರಿನಲ್ಲಿ ಆ ಪುಸ್ತಕದ ಸಾಲಿನ ಎದುರೇ ದಾಖಲಾಗಬೇಕು. ಕೊನೆಯದಾಗಿ, ಮುಟ್ಟುಗೋಲನ್ನು ಪ್ರಶ್ನಿಸುವ ಹಕ್ಕನ್ನು ಕಾನೂನು ಪುಸ್ತಕದಲ್ಲಿ ಹಿತಾಸಕ್ತಿಯಿರುವ ಯಾರಿಗಾದರೂ ಕೊಟ್ಟಿದೆ. ಲೇನ್ ಪ್ರಕರಣದಲ್ಲಿ ಕೋರ್ಟಿಗೆ ಹೋಗಿ ಗೆದ್ದವರು ಅದನ್ನು ಬರೆದವರೂ ಅಲ್ಲ, ಪ್ರಕಟಿಸಿದವರೂ ಅಲ್ಲ. ಆದರೆ ರಾಜ್ಯಪತ್ರದಲ್ಲಿ ಆದೇಶ ಪ್ರಕಟವಾದ ದಿನದಿಂದ ಎರಡು ತಿಂಗಳ ಒಳಗೆ ಹೈಕೋರ್ಟಿಗೆ ಅರ್ಜಿ ಹಾಕಬೇಕು. ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಕೇಳುತ್ತದೆ. ರಾಜ್ಯಪತ್ರ ಓದುವ ಓದುಗರು ಯಾರಿದ್ದಾರೆ? ಆದ್ದರಿಂದ ಆದೇಶ ಬಂದ ದಿನವೇ ಅದನ್ನು ಪ್ರತಿ ಗ್ರಂಥಾಲಯದ ಸೂಚನಾ ಫಲಕದಲ್ಲಿ, ಉದ್ಯೋಗ ವಾರ್ತೆಯ ಪಕ್ಕದಲ್ಲಿ ಅಂಟಿಸಬೇಕು. ಅದರ ಕೆಳಗೆ ಅರ್ಜಿ ಹಾಕಲು ಕೊನೆಯ ದಿನಾಂಕವನ್ನೂ ಬರೆಯಬೇಕು.