ಇಫೆಮೆಲುವಿಗೆ ಸಿಕ್ಕ ಎದುರುತ್ತರ

ಚಿಮಮಾಂಡ ಎನ್‌ಗೋಜಿ ಅಡೀಚಿ ಅವರ ‘ಅಮೆರಿಕಾನಾ’ (2013) ಕಾದಂಬರಿಯನ್ನು ಹೆಚ್ಚಿನವರು ಪ್ರೇಮಕಥೆಯೆಂದೋ ವರ್ಣಭೇದದ ಕಥೆಯೆಂದೋ ಓದುತ್ತಾರೆ. ನಾನು ಅದಕ್ಕೆ ಮತ್ತೆ ಮತ್ತೆ ಮರಳುವುದು ಬೇರೆ ಕಾರಣಕ್ಕೆ. ಬ್ಲಾಗ್ ಬರೆದು ಬದುಕುವ ಇಫೆಮೆಲು ಎಂಬ ನೈಜೀರಿಯಾದ ಹೆಣ್ಣೊಬ್ಬಳು ಅದರ ನಾಯಕಿ. ಅವಳು ಏನು ಬರೆದಳೆಂದು ಹೇಳಿ ಸುಮ್ಮನಾಗದೆ, ಹಲವು ಬರಹಗಳನ್ನು ಕಾದಂಬರಿ ಇಡಿಯಾಗಿ ನಮ್ಮ ಮುಂದಿಡುತ್ತದೆ.

ಇಂಥವರು ಬರೀ ಕಲ್ಪನೆಯಲ್ಲಿದ್ದವರಲ್ಲ. 2005ರಲ್ಲಿ ಶುರುವಾದ ಅಂತರ್ಜಾಲ ಚರ್ಚಾತಾಣ ನೈರಾಲ್ಯಾಂಡ್‌ನಲ್ಲಿ ಜನ ಇಂಗ್ಲಿಷಿನಲ್ಲೂ ಅದರಿಂದ ಹುಟ್ಟಿದ ಆಡುನುಡಿ ಪಿಜಿನ್‌ನಲ್ಲೂ ಹಗಲಿರುಳು ವಾದಕ್ಕೆ ಬಿದ್ದರು. ಮರುವರ್ಷ ಲಿಂಡಾ ಇಕೇಜಿ ಬ್ಲಾಗ್ ಬರೆಯತೊಡಗಿದರು. ಅದೇ ವರ್ಷ ಲೇಖಕ ಟೆಜು ಕೋಲ್ ನೈಜೀರಿಯಾದ ಲಾಗೋಸ್ ನಗರದ ಬಗ್ಗೆ ಬ್ಲಾಗಿನಲ್ಲಿ ಬರೆದದ್ದು 2007ರಲ್ಲಿ ಕಸಾವಾ ರಿಪಬ್ಲಿಕ್ ಪ್ರಕಾಶನದಿಂದ ಪುಸ್ತಕವಾಗಿ ಬಂತು. ಸಂಪಾದಕರ ಒಪ್ಪಿಗೆಗೆ ಕಾಯದೆ ಬರೆಯುವ ಒಂದು ತಲೆಮಾರು ಕಣ್ಣೆದುರೇ ಬೆಳೆಯುತ್ತಿತ್ತು. ಅದನ್ನು ದೊಡ್ಡ ಕಾದಂಬರಿಯೊಂದರ ನಡುಮನೆಗೆ ಕರೆತಂದದ್ದು ಅಡೀಚಿಯವರ ಸಾಧನೆ.

ಇಫೆಮೆಲು ಅಮೆರಿಕದಲ್ಲಿದ್ದಾಗ ಬರೆದ ಭಾಗವೇ ಕೃತಿಯ ಕಸುವು. ಲಾಗೋಸಿನಲ್ಲಿ ಬೆಳೆದವಳಿಗೆ ತಾನು ‘ಕಪ್ಪು’ ಎಂಬ ಗುರುತು ಇರಲಿಲ್ಲ. ವಿಮಾನ ಇಳಿದ ಮೇಲೆ ಅದು ಅವಳ ಮೈಗೆ ಅಂಟಿತು. ಆ ಗುರುತಿನೊಳಗೆ ಹುಟ್ಟಿದವರು ಇದು ಇದ್ದದ್ದೇ ಎಂದು ದಾಟಿಹೋಗುವ ಸಂಗತಿಗಳು ಅವಳ ಕಣ್ಣಿಗೆ ಬೀಳುತ್ತವೆ. ಕೂದಲನ್ನು ರಾಸಾಯನಿಕ ಹಚ್ಚಿ ನೇರ ಮಾಡಿಕೊಂಡರೇ ಕೆಲಸ ಸಿಗುವುದು, ಬಿಳಿಯ ಗೆಳೆಯ ಕರ್ಟ್‌ನ ಒಂದು ಫೋನಿಗೆ ಸಂದರ್ಶನದ ಕರೆ ಬರುವುದು, ಇವೆಲ್ಲ ಬರಹಕ್ಕೆ ಒದಗುತ್ತವೆ. ಓದುಗರು ಹೆಚ್ಚುತ್ತಾರೆ, ಹಣ ಬರುತ್ತದೆ, ಭಾಷಣಕ್ಕೆ ಕರೆಯುತ್ತಾರೆ. ಸಭೆಯಲ್ಲಿ ಖಡಾಖಂಡಿತವಾಗಿ ಮಾತಾಡಿ ಬೈಸಿಕೊಂಡ ಮೇಲೆ ಅವಳು ವೇದಿಕೆಯಲ್ಲಿ ಕೇಳುಗರಿಗೆ ಹಿತವಾದದ್ದನ್ನು ಹೇಳಿ, ಕಟುವಾದದ್ದನ್ನು ಬ್ಲಾಗಿಗೆ ಉಳಿಸಿಕೊಳ್ಳುತ್ತಾಳೆ. ಈ ಒಡಕನ್ನು ಅಡೀಚಿ ಮುಚ್ಚಿಡುವುದಿಲ್ಲ. ಬದುಕನ್ನೇ ಕೆರೆದು ಸರಕು ಹುಡುಕುವಂತಾಗಿ, ಒಳಗೆಲ್ಲ ಟೊಳ್ಳೆನಿಸಿ ಇಫೆಮೆಲು ಬ್ಲಾಗನ್ನು ನಿಲ್ಲಿಸುವ ಭಾಗವನ್ನು, ಬರೆಯುವ ಯಾರೂ ಎದೆ ಕಲಕದೆ ಓದಲಾರರು.

ಲಾಗೋಸಿಗೆ ಮರಳಿದ ಮೇಲೆ ಕಾದಂಬರಿಯ ಹಿಡಿತ ಸಡಿಲವಾಗುತ್ತದೆ. ‘ಲಾಗೋಸಿನ ಸಣ್ಣ ವಿಮೋಚನೆಗಳು’ ಎಂಬ ಹೊಸ ಬ್ಲಾಗಿನಲ್ಲಿ ಅವಳು ವಿದೇಶದಿಂದ ಮರಳಿದವರ ಕೂಟವನ್ನು ಗೇಲಿ ಮಾಡುತ್ತಾಳೆ, ಊರಿನ ಸಂಗತಿಗಳನ್ನು ಟಿಪ್ಪಣಿ ಮಾಡುತ್ತಾಳೆ. ಬರಹ ಚೊಕ್ಕವಾಗಿದೆ, ಚುರುಕಾಗಿದೆ. ಆದರೆ ಅದಕ್ಕೆ ತಡೆ ಎಲ್ಲಿದೆ? ಪ್ರತಿಕ್ರಿಯೆ ಬರೆಯುವವರ ದನಿ ಅಲ್ಲೊಂದು ಇಲ್ಲೊಂದು ಕೇಳುತ್ತದೆ, ಅಷ್ಟೆ. ನೈರಾಲ್ಯಾಂಡಿನ ಗದ್ದಲ, ಬೈಗುಳ, ಬುಡಕಟ್ಟಿನ ಹೆಸರೆತ್ತಿ ಹಂಗಿಸುವುದು, ಪಿಜಿನ್‌ನ ಚೂಪು ಮಾತು, ನೈಜೀರಿಯಾದವರ ಅಂತರ್ಜಾಲದ ಜೀವವೇ ಆಗಿರುವ ಇವು ಪುಟಗಳ ಮೇಲೆ ಬರುವುದಿಲ್ಲ. ಇಫೆಮೆಲುವಿನ ಬರಹ ಎಲ್ಲರೂ ಓದಿದ ಪ್ರಬಂಧವಾಗಿ ನಿಲ್ಲುತ್ತದೆ. ಜಗಳದ ನಡುವಿನ ಮಾತಾಗುವುದಿಲ್ಲ.

ಅಪಾಯದ ಸುಳಿವೂ ಇಲ್ಲ ಎಂಬುದು ನನ್ನ ದೊಡ್ಡ ತಕರಾರು. ಒಬಾಮಾ ಗೆಲುವಿನ ನಂತರದ ಕಾಲದಲ್ಲಿ ಅವಳು ಊರು ಸೇರುತ್ತಾಳೆ. ಅದಕ್ಕೆ ಸ್ವಲ್ಪ ಮುಂಚೆ, 2008ರ ಅಕ್ಟೋಬರ್‌ನಲ್ಲಿ, ಅಮೆರಿಕದಲ್ಲಿ ನೆಲೆಸಿ ನೈಜೀರಿಯಾದ ಅಧಿಕಾರಸ್ಥರ ಬಗ್ಗೆ ಬರೆಯುತ್ತಿದ್ದ ಜೋನಥನ್ ಎಲೆಂಡು ಅಬುಜಾದ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದಂತೆ ರಾಜ್ಯ ಭದ್ರತಾ ಸೇವೆಯವರು ಅವರನ್ನು ಹಿಡಿದೊಯ್ದು ಹಲವು ದಿನ ಕೂಡಿಹಾಕಿದ್ದರು. ಇಫೆಮೆಲು ಬಂದದ್ದೂ ಅದೇ ಅಮೆರಿಕದಿಂದ. ಅವಳು ಎಲೆಂಡುವಿನಂತೆ ಭ್ರಷ್ಟಾಚಾರ ಬಯಲಿಗೆಳೆಯುವವಳಲ್ಲ, ನಿಜ. ಆದರೂ ಬೀದಿ ವ್ಯಾಪಾರಿಗಳ ಗುಡಿಸಲಂಗಡಿಗಳನ್ನು ಕೆಡವಿಸುವ ಸರ್ಕಾರದ ಬಗ್ಗೆ ಬರೆಯುವಾಗ ಅವಳ ಬೆರಳು ಒಮ್ಮೆಯಾದರೂ ತಡವರಿಸಬೇಕಿತ್ತು. ಮುಂದೆ 2015ರಲ್ಲಿ ನೈಜೀರಿಯಾದಲ್ಲಿ ಸೈಬರ್ ಅಪರಾಧ ಕಾಯ್ದೆ ಬಂದು, ಸೈಬರ್ ಕಿರುಕುಳದ ಕುರಿತ ಅದರ 24ನೇ ಸೆಕ್ಷನ್ ಪತ್ರಕರ್ತರ ಮತ್ತು ಬ್ಲಾಗ್ ಬರೆಯುವವರ ಮೇಲೆ ಪ್ರಯೋಗವಾಗತೊಡಗಿತು. ಅದನ್ನು ಕಾದಂಬರಿ ಮುಂಗಾಣಬೇಕಿತ್ತೆಂದು ನಾನು ಹೇಳುತ್ತಿಲ್ಲ. ಆ ಭಯ ಆಗಲೇ ಗಾಳಿಯಲ್ಲಿತ್ತು.

ಒಂದೇ ಒಂದು ಕಡೆ ಎದುರುತ್ತರ ಬರುತ್ತದೆ, ಅದು ಇಡೀ ಕೃತಿಯ ಅತ್ಯುತ್ತಮ ಪುಟಗಳಲ್ಲೊಂದು. ಸಿರಿವಂತ ಗಂಡಸರ ದುಡ್ಡಿನಲ್ಲಿ ಬದುಕುವ ಲಾಗೋಸಿನ ಯುವತಿಯರ ಬಗ್ಗೆ ಇಫೆಮೆಲು ಬರೆಯುತ್ತಾಳೆ. ಗೆಳತಿ ರನ್ಯಿನುಡೊ ಅದರಲ್ಲಿ ತನ್ನನ್ನೇ ಕಂಡು ಕೆರಳಿ ಫೋನ್ ಮಾಡುತ್ತಾಳೆ. ನಿನಗೆ ಅಮೆರಿಕದಲ್ಲಿ ಕೆಲಸ, ಕಾಗದಪತ್ರ ಸಿಕ್ಕಿದ್ದು ಆ ಬಿಳಿ ಗೆಳೆಯನಿಂದ ತಾನೆ, ನನಗೂ ನಿನಗೂ ಏನು ವ್ಯತ್ಯಾಸ ಎಂದು ಕೇಳುತ್ತಾಳೆ. ಅಲ್ಲಿಯವರೆಗೆ ಎಲ್ಲರನ್ನೂ ಅಳೆಯುತ್ತಿದ್ದವಳನ್ನು ಮೊದಲ ಸಲ ಓದಿದವಳೊಬ್ಬಳು ಅಳೆಯುತ್ತಾಳೆ. ಪರದೇಶದಲ್ಲಿ ಹೆಸರಿಲ್ಲದೆ ಬರೆಯುವುದು ಒಂದು, ಊರಲ್ಲಿ ಕೂತು ಗೊತ್ತಿದ್ದವರ ಬದುಕನ್ನು ಬರೆಯುವುದು ಇನ್ನೊಂದು ಎಂಬುದನ್ನು ಆ ಫೋನ್ ಕರೆ ತೋರಿಸಿಕೊಡುತ್ತದೆ. ಇಫೆಮೆಲುವಿನ ಬಳಿ ಸರಿಯಾದ ಜವಾಬಿಲ್ಲ. ಆದರೆ ಅವಳು ಗೆಳತಿಯ ಮನೆಗೇ ಹೋಗಿ ಕ್ಷಮೆ ಕೇಳುತ್ತಾಳೆ, ಇಬ್ಬರೂ ಬೇಗನೆ ರಾಜಿಯಾಗುತ್ತಾರೆ, ಮಾತು ಇಫೆಮೆಲುವಿನ ಹಳೆಯ ಪ್ರೇಮಿ ಒಬಿಂಜೆಯ ಕಡೆಗೆ ಹೊರಳಿ ಕಥೆ ಮತ್ತೆ ಪ್ರೇಮದ ದಾರಿ ಹಿಡಿಯುತ್ತದೆ. ಆ ಜಗಳ ಇಷ್ಟು ಬೇಗ ಮುಗಿಯಬಾರದಿತ್ತು.